ಬಾಗಿಲ ಅಗುಳಿಯೂ ತಲೆದೆಸೆಯ ಕೋವಿಯೂ

ಮನೆಯೆಂಬುದು ಅದರ ಒಡೆಯನಿಗೆ ಕೋಟೆಯಿದ್ದಂತೆ ಎಂಬ ನ್ಯಾಯ ಇಂಗ್ಲೆಂಡಿನಲ್ಲಿ 1604ರ ಒಂದು ಮೊಕದ್ದಮೆಯಿಂದ ಪ್ರಸಿದ್ಧಿಗೆ ಬಂದಿತು. ಆ ಮಾತು ಸಮುದ್ರವನ್ನು ದಾಟಿ ಅಮೆರಿಕವನ್ನು ಸೇರಿದ ಮೇಲೆ, ಕೋಟೆಗೆ ಫಿರಂಗಿಯೂ ಬೇಕೆಂಬ ವಾದವಾಗಿ ಬೆಳೆಯಿತು. ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಆಯುಧದ ಹಕ್ಕನ್ನು ನಾಗರಿಕ ಸೇನೆಯ ಪ್ರಸ್ತಾಪದೊಡನೆ ಹೇಳಿತ್ತು. ಅದು ಮನೆಯ ರಕ್ಷಣೆಗಾಗಿ ಪಿಸ್ತೂಲನ್ನಿಟ್ಟುಕೊಳ್ಳುವ ವ್ಯಕ್ತಿಯ ಹಕ್ಕೂ ಹೌದೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ, ಐವರ ಅಭಿಪ್ರಾಯಕ್ಕೆ ನಾಲ್ವರ ವಿರೋಧವಿದ್ದಂತೆಯೇ, ತೀರ್ಪಿತ್ತಿತು. ಮನೆಯೊಳಗಿನ ಕೋವಿಯನ್ನು ಬಿಚ್ಚಿಡಬೇಕು, ಇಲ್ಲವೆ ಅದರ ಟ್ರಿಗರಿಗೆ ಬೀಗ ಹಾಕಿಡಬೇಕು ಎಂದು ವಾಷಿಂಗ್ಟನ್ ನಗರ ಮಾಡಿದ್ದ ವಿಧಿಯೂ ಅಂದು ಬಿದ್ದುಹೋಯಿತು.

ಬೀಗದೊಳಗಿನ ಆಯುಧ ಕಳ್ಳ ಬಂದ ಗಳಿಗೆಗೆ ಒದಗದು ಎಂಬುದು ನ್ಯಾಯಮೂರ್ತಿಗಳ ತರ್ಕ. ತರ್ಕವೇನೋ ಸರಿಯೆ. ಆದರೆ ಆ ಗಳಿಗೆಗೆಂದು ಗುಂಡು ತುಂಬಿ ತಲೆದೆಸೆಯಲ್ಲಿಟ್ಟ ಕೋವಿ ಉಳಿದ ಎಲ್ಲ ಗಳಿಗೆಗಳಿಗೂ, ಮನೆಯ ಎಲ್ಲ ಕೈಗಳಿಗೂ ಒದಗುತ್ತದೆ. ಕುಡಿದವನ ಕೈಗೆ, ಸಿಟ್ಟಾದವನ ಕೈಗೆ, ಐದು ವರುಷದ ಮಗುವಿನ ಕೈಗೆ. ಇಡೀ ವಿವಾದದ ತಿರುಳು ಇಲ್ಲಿದೆಯೆಂದೇ ನನ್ನ ಎಣಿಕೆ.

ಅಂಕೆಗಳು ಇದನ್ನೇ ಹೇಳುತ್ತವೆ. 2023ರಲ್ಲಿ ನಡೆದ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಬಂದೂಕವುಳ್ಳವರಲ್ಲಿ ನೂರಕ್ಕೆ 72 ಮಂದಿ ಆತ್ಮರಕ್ಷಣೆಯನ್ನು ಮುಖ್ಯ ಕಾರಣವಾಗಿ ಹೇಳಿದರು. ಅದೇ ವರ್ಷ ಆ ದೇಶದಲ್ಲಿ ಗುಂಡಿಗೆ ಬಲಿಯಾದವರು ಸುಮಾರು 46,700. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಸುಮಾರು 27,300 ಜನ, ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಮನಸ್ಸು ಕದಡಿದ ಗಳಿಗೆ ಬಹುಮಟ್ಟಿಗೆ ಅಲ್ಪಕಾಲದ್ದು. ಅದನ್ನು ದಾಟಿದವರಲ್ಲಿ ಹೆಚ್ಚಿನವರು ಬದುಕಿಗೆ ಮರಳುತ್ತಾರೆ. ಆ ಗಳಿಗೆಯಲ್ಲಿ ಬಂದೂಕ ಕೈಗೆ ಸಿಕ್ಕಿದರೆ ಮರಳುವ ದಾರಿ ಮುಚ್ಚಿತು.

ಹಾಗೆಂದು ಭಯಪಟ್ಟವನನ್ನು ಹಂಗಿಸುವುದು ಸಲ್ಲದು. 2003ರಿಂದ 2007ರವರೆಗಿನ ಲೆಕ್ಕದಂತೆ ಆ ದೇಶದಲ್ಲಿ ವರ್ಷಕ್ಕೆ ಸರಾಸರಿ 37 ಲಕ್ಷ ಕನ್ನಗಳವುಗಳು ನಡೆದುವು. ಅವುಗಳಲ್ಲಿ ನೂರಕ್ಕೆ ಏಳರಲ್ಲಿ ಮನೆಯವರ ಮೇಲೆ ಹಲ್ಲೆಯೂ ಆಯಿತು. ಇದು ಸಣ್ಣ ಸಂಖ್ಯೆಯಲ್ಲ. ಪೊಲೀಸರು ಬರಲು ಗಂಟೆಗಟ್ಟಲೆ ಹಿಡಿಯುವ ಒಂಟಿಮನೆಯ ರೈತನಿಗೆ ನಗರದ ಪಂಡಿತನು ಅಗುಳಿಯನ್ನು ಭದ್ರಪಡಿಸಿಕೊ ಎಂದರೆ ಅವನು ನಕ್ಕಾನು. ಆದರೆ ಅದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ: ಹಲ್ಲೆ ನಡೆಸಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮನೆಯವರಿಗೆ ಪರಿಚಿತರೆ.

ಕತ್ತಲಲ್ಲಿ ನಿಂತ ಅಪರಿಚಿತನಾದರೂ ಶತ್ರುವೇ ಆಗಬೇಕೆಂದಿಲ್ಲ. 1992ರ ಅಕ್ಟೋಬರಿನಲ್ಲಿ ಲೂಯಿಸಿಯಾನದ ಬ್ಯಾಟನ್ ರೂಜ್ ನಗರದಲ್ಲಿ, ವೇಷ ತೊಟ್ಟು ಔತಣಕ್ಕೆ ಹೊರಟ ಹದಿನಾರರ ಜಪಾನೀ ವಿದ್ಯಾರ್ಥಿಯೊಬ್ಬನು ವಿಳಾಸ ತಪ್ಪಿ ಬೇರೊಂದು ಮನೆಗೆ ಹೋದನು. ಯಜಮಾನನು ಬಂದೂಕ ಹಿಡಿದು, ನಿಂತಲ್ಲೇ ನಿಲ್ಲು ಎಂಬ ಅರ್ಥದಲ್ಲಿ 'ಫ್ರೀಜ್' ಎಂದನು. ಹುಡುಗ ಮುಂದೆ ಬಂದ, ಗುಂಡು ಹಾರಿತು. ಹೆಪ್ಪುಗಟ್ಟುವುದಕ್ಕೆ ಹೇಳುವ ಆ ಪದದ ಈ ಬಳಕೆ ಅವನಿಗೆ ತಿಳಿದಿರಲಾರದೆಂದು ಆಗ ಅನೇಕರು ಬರೆದರು. ಭಾಷೆಯನ್ನು ಪಾಠ ಹೇಳಿ ಬದುಕುವ ನನ್ನಂಥವನಿಗೆ ಇದು ಮರೆಯುವ ಮಾತಲ್ಲ: ನಿಘಂಟಿನ ಎರಡನೆಯ ಅರ್ಥವನ್ನು ಅರಿಯದುದಕ್ಕೆ ಒಂದು ಜೀವ ಹೋಗಬಹುದೆ? ಕ್ರಿಮಿನಲ್ ಮೊಕದ್ದಮೆಯಲ್ಲಿ ಯಜಮಾನನು ಬಿಡುಗಡೆಯಾದನು. ಬಳಿಕ ಸಿವಿಲ್ ನ್ಯಾಯಾಲಯ ಅವನೇ ಹೊಣೆಯೆಂದು ಪರಿಹಾರವನ್ನು ವಿಧಿಸಿತು.

ನಮ್ಮ ಕೊಡಗಿನಲ್ಲಿ ಮನೆಮನೆಗೂ ಕೋವಿಯಿಲ್ಲವೆ ಎಂದು ಕೇಳುವವರುಂಟು. ಉಂಟು ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿಯ ವಿನಾಯಿತಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಆ ಕೋವಿ ಕೈಲ್‌ಪೊಳ್ದಿನಲ್ಲಿ ಹೂ ಮುಡಿದು ಪೂಜೆಗೊಳ್ಳುವಂಥದು. ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ಹೇಳುವಂಥದು. ಅದು ನೆರೆಹೊರೆಯನ್ನು ಕರೆಯುವ ಕೋವಿ. ದಿಂಬಿನಡಿಯ ಪಿಸ್ತೂಲಾದರೋ ನೆರೆಯವನನ್ನೇ ಶಂಕಿಸುತ್ತ ಮಲಗಿರುತ್ತದೆ.

ದಿನದಿನದ ಎಚ್ಚರಿಕೆಯಲ್ಲಿ ಶೌರ್ಯದ ಬಣ್ಣವಿಲ್ಲ. ಅದಕ್ಕೇ ಅದು ರುಚಿಸುವುದಿಲ್ಲ. ಗಟ್ಟಿಯಾದ ಅಗುಳಿ, ಅಂಗಳದ ದೀಪ, ಬೊಗಳುವ ನಾಯಿ, ಊರಿಗೆ ಹೋಗುವಾಗ ಪಕ್ಕದ ಮನೆಗೆ ತಿಳಿಸಿ ಹೋಗುವ ರೂಢಿ, ಇವುಗಳಿಂದ ಯಾರೂ ವೀರರಾಗುವುದಿಲ್ಲ. ಅಮೆರಿಕದಲ್ಲಿ ಮನೆಗೆ ಬೆಂಕಿ ಬಿದ್ದು ಸಾಯುವವರಲ್ಲಿ ಐವರಿಗೆ ಮೂವರಂತೆ, ಹೊಗೆಯನ್ನು ಕಂಡು ಕೂಗುವ ಚಿಕ್ಕ ಯಂತ್ರವಿಲ್ಲದ, ಅಥವಾ ಇದ್ದೂ ಕೆಟ್ಟಿದ್ದ ಮನೆಗಳವರು. ಪಿಸ್ತೂಲಿಗೆ ನೂರಾರು ಡಾಲರು ಸುರಿದವನು ಆ ಯಂತ್ರದ ಬ್ಯಾಟರಿಯನ್ನು ಬದಲಿಸಲು ಮರೆತಿರುವುದು ಅಸಂಭವವೇನಲ್ಲ.

ಅಲ್ಲಿ ನೆಲೆಸಿರುವ ನಮ್ಮವರಿಗೆ ಇದು ಬರಿಯ ತರ್ಕದ ವಿಷಯವಲ್ಲ. ತಾವು ಕೋವಿಯನ್ನು ಕೊಳ್ಳದಿದ್ದರೂ ಮಕ್ಕಳು ಆಡಲು ಹೋಗುವ ಮನೆಯಲ್ಲಿ ಅದಿರಬಹುದು. ಮಗುವನ್ನು ಕಳುಹಿಸುವ ಮುನ್ನ, ನಿಮ್ಮಲ್ಲಿ ಬಂದೂಕವಿದೆಯೆ, ಬೀಗ ಹಾಕಿದೆಯೆ, ಗುಂಡುಗಳನ್ನು ಬೇರೆ ಇಟ್ಟಿದ್ದೀರಾ ಎಂದು ವಿಚಾರಿಸಿರೆಂದು ಆ ದೇಶದ ಮಕ್ಕಳ ವೈದ್ಯರು ತಾಯ್ತಂದೆಯರಿಗೆ ಸಲಹೆ ಕೊಡುತ್ತಾರೆ. ಉಂಡ ಮನೆಯ ಜಂತೆ ಎಣಿಸಬಾರದೆಂಬ ಮರ್ಯಾದೆಯಲ್ಲಿ ಬೆಳೆದ ನಮ್ಮವರಿಗೆ ಹಾಗೆ ಕೇಳಲು ನಾಲಗೆ ಏಳದು, ಆದರೂ ಕೇಳಬೇಕಾಗಿದೆ.