ಅಕ್ಕ, ಆ ಲೇಬಲ್ಲನ್ನು ಒಮ್ಮೆ ಓದು

ಗಾರ್ಮೆಂಟ್ಸ್ ಕೆಲಸದ ಅಕ್ಕತಂಗಿಯರೇ,

ದಿನಕ್ಕೆ ನೂರಾರು ಅಂಗಿಗಳಿಗೆ ಲೇಬಲ್ ಕೂರಿಸುತ್ತೇವೆ. ಅದರ ಮೇಲೇನಿದೆ ಎಂದು ಓದುವಷ್ಟು ಹೊತ್ತನ್ನು ಟಾರ್ಗೆಟ್ ಕೊಡುವುದಿಲ್ಲ. ಆದರೆ ಮಾಲೀಕ ನಿಜಕ್ಕೂ ಹೆದರುವ ಹೆಸರು ಇರುವುದು ಆ ಎರಡಿಂಚು ಬಟ್ಟೆಯ ಮೇಲೆಯೇ. ಬಯರ್ ಬರುವ ದಿನ ಶೌಚಾಲಯಕ್ಕೆ ಸೋಪು ಬರುತ್ತದೆ, ಫಸ್ಟ್ ಏಡ್ ಪೆಟ್ಟಿಗೆ ತುಂಬುತ್ತದೆ, ಸೂಪರ್‌ವೈಸರ್ ಬಾಯಲ್ಲಿ ‘ಅಮ್ಮಾ’ ಎಂಬ ಮಾತು ಹೊರಡುತ್ತದೆ. ಬಯರ್ ಕಾರು ಗೇಟು ದಾಟಿದ ಮೇಲೆ ಏನು ಕೇಳಿಸುತ್ತದೆ ಎಂದು ನಿಮಗೆ ಬರೆದು ತಿಳಿಸಬೇಕಾಗಿಲ್ಲ.

ಒಂದು ಪೀಸಿಗೆ ಎಷ್ಟು ದುಡ್ಡು, ಎಷ್ಟು ದಿನದಲ್ಲಿ ಮಾಲು ಹಡಗು ಹತ್ತಬೇಕು ಎಂದು ತೀರ್ಮಾನಿಸುವವರು ಸಮುದ್ರದಾಚೆ ಕೂತಿದ್ದಾರೆ. ಹಾಗಿರುವಾಗ ನಮ್ಮ ಹೋರಾಟ ಗೇಟಿನ ಮುಂದೆ ಹುಟ್ಟಿ ಗೇಟಿನ ಮುಂದೆಯೇ ಮುಗಿದರೆ ಹೇಗೆ? ಆ ಬಟ್ಟೆ ಮಾರುವ ಅಂಗಡಿಯ ಬಾಗಿಲಲ್ಲಿ ನಮ್ಮ ಪರವಾಗಿ ನಿಲ್ಲುವ ಹೆಂಗಸರೂ ಬೇಕು. ಅವರನ್ನು ಕರೆಯುವವರು ಮಾತ್ರ ನಾವೇ ಆಗಿರಬೇಕು.

‘ಹೊರಗಿನವರು ಯಾಕೆ? 2016ರಲ್ಲಿ ನಾವೇ ಗೆದ್ದೆವಲ್ಲ’ ಎನ್ನುವವರಿದ್ದಾರೆ. ನಿಜ. ಪಿಎಫ್ ಹಣ ತೆಗೆಯದಂತೆ ಕೇಂದ್ರ ಸರ್ಕಾರ ಅಡ್ಡಿ ಹಾಕಿದಾಗ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು. ಎರಡನೇ ದಿನವೇ ದೆಹಲಿ ಮಣಿಯಿತು. ಅಲ್ಲಿ ಎದುರಾಳಿ ಸರ್ಕಾರ, ಅದಕ್ಕೆ ವೋಟು ಬೇಕು. ಬ್ರ್ಯಾಂಡಿಗೆ ನಮ್ಮ ವೋಟು ಬೇಡ, ಗಿರಾಕಿಯ ಮುಂದೆ ಒಳ್ಳೆಯ ಹೆಸರು ಬೇಕು.

ಶ್ರೀರಂಗಪಟ್ಟಣವನ್ನೇ ನೋಡಿ. 2020ರ ಜೂನ್, ಕೊರೊನಾ ಕಾಲ. ಸಂಘ ಗಟ್ಟಿಯಾಗಿದ್ದ ಕಾರ್ಖಾನೆಯಿಂದ ಮಾಲೀಕರು ಮಷೀನುಗಳನ್ನು ಸಾಗಿಸತೊಡಗಿದರು. 1,200ಕ್ಕೂ ಹೆಚ್ಚು ಜನರ ಕೆಲಸ, ಬಹುಪಾಲು ಹೆಂಗಸರದು. ಅವರು ಜಾಗ ಬಿಟ್ಟು ಕದಲದೆ ವಾರಗಟ್ಟಲೆ ಧರಣಿ ಕೂತರು. ಅಲ್ಲಿ ಹೊಲಿದ ಬಟ್ಟೆ ಸ್ವೀಡನ್ನಿನ ಬ್ರ್ಯಾಂಡಿಗೆ ಹೋಗುತ್ತಿತ್ತು. ಧರಣಿಯ ಸುದ್ದಿಯೂ ಅದೇ ದಾರಿ ಹಿಡಿದು ಹೋಯಿತು. ಜಾಗತಿಕ ಕಾರ್ಮಿಕ ಒಕ್ಕೂಟ ಮಧ್ಯೆ ಬಂತು. 2021ರ ಫೆಬ್ರವರಿಯಲ್ಲಿ ಕಂಪನಿ ಸಂಘವನ್ನು ಒಪ್ಪಿಕೊಂಡು, ಕೆಲಸ ಕಳೆದುಕೊಂಡವರನ್ನು ಮತ್ತೆ ತೆಗೆದುಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ಆ ಎಂಟು ತಿಂಗಳು ಒಲೆ ಹೇಗೆ ಉರಿಯಿತು ಎಂಬುದನ್ನು ಒಪ್ಪಂದದ ಕಾಗದದಲ್ಲಿ ಬರೆದಿರುವುದಿಲ್ಲ.

2020ರ ಏಪ್ರಿಲ್‌ನಿಂದ ಬರಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ, ನೆನಪಿದೆಯೇ? ಕೊಡಲೇಬೇಕೆಂದು ಹೈಕೋರ್ಟ್ ಹೇಳಿದ ಮೇಲೂ ಕಾರ್ಖಾನೆಗಳು ಜಗ್ಗಲಿಲ್ಲ. ಬ್ರ್ಯಾಂಡುಗಳ ಹೆಸರು ಸಮೇತ ವಿದೇಶಿ ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ, 2022ರ ಆರಂಭದಲ್ಲಿ, ಬಾಕಿ ಕೈಗೆ ಬರತೊಡಗಿತು.

ಸಂಬಳದ ಮಾತು ಹೇಗೋ ಹೊರಗೆ ಬರುತ್ತದೆ. ಬಾಯಿಬಿಟ್ಟು ಹೇಳಲಾಗದ ಇನ್ನೊಂದಿದೆ, ಲೈಂಗಿಕ ಕಿರುಕುಳ. 2021ರ ಜನವರಿಯಲ್ಲಿ ತಮಿಳುನಾಡಿನ ದಿಂಡಿಗಲ್‌ನಲ್ಲಿ 20 ವರ್ಷದ ದಲಿತ ಹೆಣ್ಣುಮಗಳೊಬ್ಬಳ ಕೊಲೆಯಾಯಿತು. ಆರೋಪ ಬಂದದ್ದು ಅವಳ ಸೂಪರ್‌ವೈಸರ್ ಮೇಲೆ. ಅಲ್ಲಿನ ದಲಿತ ಹೆಂಗಸರೇ ಮುನ್ನಡೆಸುವ ಪುಟ್ಟ ಸಂಘ ಸುಮ್ಮನಿರಲಿಲ್ಲ. ಏಷ್ಯಾದ ಇತರ ಸಂಘಗಳನ್ನೂ ಅಮೆರಿಕದ ಗೆಳತಿಯರನ್ನೂ ಜೊತೆಗೆ ಕಟ್ಟಿಕೊಂಡು, 2022ರಲ್ಲಿ ಕಾರ್ಖಾನೆಯ ಒಡೆಯರನ್ನೂ ಬ್ರ್ಯಾಂಡುಗಳನ್ನೂ ಒಪ್ಪಂದಕ್ಕೆ ತಂದಿತು. ಲೈನಿನಲ್ಲಿ ಕಿರುಕುಳವನ್ನು ಗಮನಿಸಿ ವರದಿ ಮಾಡಲು ಕೆಲಸದ ಹೆಂಗಸರಿಗೇ ತರಬೇತಿ. ಕಾರ್ಖಾನೆ ಮಾತು ತಪ್ಪಿದರೆ ಅದರ ವ್ಯಾಪಾರಕ್ಕೆ ಬ್ರ್ಯಾಂಡ್ ಪೆಟ್ಟು ಕೊಡಲೇಬೇಕೆಂಬ ಷರತ್ತು. ದಯೆಯ ಮಾತಲ್ಲ, ಸಹಿ ಬಿದ್ದ ಕರಾರು. ಇದಕ್ಕೆ ಮೊದಲು ದಾರಿ ತೋರಿದವರು ಆಫ್ರಿಕಾದ ಲೆಸೋಥೊ ಎಂಬ ಸಣ್ಣ ದೇಶದ ಜೀನ್ಸ್ ಹೊಲಿಯುವ ಹೆಂಗಸರು, 2019ರಲ್ಲಿ. ಕೆಲಸ ಉಳಿಯಬೇಕಾದರೆ ತನ್ನ ಜೊತೆ ಬರಬೇಕು ಎನ್ನುವ ಸೂಪರ್‌ವೈಸರ್ ಅಲ್ಲಿಯೂ ಇದ್ದ. ಅವನ ಭಾಷೆ ಬೇರೆ ಅಷ್ಟೆ.

ಇನ್ನು ಲೇಬಲ್ಲಿನ ಮಾತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಕಟ್ಟಡದಲ್ಲಿ ಹಿಂದಿನ ದಿನವೇ ಬಿರುಕು ಕಂಡಿತ್ತು, ಆದರೂ ಕೆಲಸದವರನ್ನು ಒಳಗೆ ಕಳಿಸಿದ್ದರು. ‘ನಮ್ಮ ಬಟ್ಟೆ ಅಲ್ಲಿ ಹೊಲಿಸಿಲ್ಲ’ ಎನ್ನುವ ಬಾಯಿಗಳನ್ನು ಮುಚ್ಚಿಸಲು ಕಾರ್ಯಕರ್ತರು ಅವಶೇಷದೊಳಗೆ ಲೇಬಲ್ಲುಗಳನ್ನು ಹುಡುಕಿದರು. ಮುಂದಿನ ತಿಂಗಳಲ್ಲೇ ಕಟ್ಟಡ ಸುರಕ್ಷತೆಯ ಕಾನೂನುಬದ್ಧ ಒಪ್ಪಂದ ಆಯಿತು. ಕಾಲಕ್ರಮದಲ್ಲಿ 200ಕ್ಕೂ ಹೆಚ್ಚು ಬ್ರ್ಯಾಂಡುಗಳು ಸಹಿ ಹಾಕಿದವು.

ಹೊರಗಿನ ಗೆಳತಿಯರಿಗೂ ಒಂದು ಮಾತು ಹೇಳಬೇಕು. ನಮ್ಮನ್ನು ಕೇಳದೆ ‘ಆ ಬಟ್ಟೆ ಕೊಳ್ಳಬೇಡಿ’ ಎಂದು ಕೂಗಬೇಡಿ. 1990ರ ದಶಕದ ಮೊದಲಲ್ಲಿ, ಮಕ್ಕಳು ಹೊಲಿದ ಬಟ್ಟೆ ತರಿಸಬಾರದೆಂಬ ಮಸೂದೆ ಅಮೆರಿಕದಲ್ಲಿ ಮಂಡನೆಯಾದಾಗ, ಹೆದರಿದ ಬಾಂಗ್ಲಾ ಮಾಲೀಕರು ಸಾವಿರಾರು ಮಕ್ಕಳನ್ನು ರಾತ್ರೋರಾತ್ರಿ ಹೊರಗೆ ಹಾಕಿದರು. ಅವರಲ್ಲಿ ಎಷ್ಟೋ ಮಕ್ಕಳು ಸೇರಿದ್ದು ಶಾಲೆಯನ್ನಲ್ಲ, ಕಲ್ಲು ಒಡೆಯುವಂಥ ಇನ್ನೂ ಕೆಟ್ಟ ಕೆಲಸವನ್ನು. ಮರುಕ ಬೇಡ. ಬೇಡಿಕೆ ನಮ್ಮದಿರಲಿ, ದನಿ ಸೇರಿಸುವುದು ನಿಮ್ಮದು.

ನಮಗೂ ಸಾಲ ಉಂಟು. 2023ರ ಕೊನೆಯಲ್ಲಿ ಬಾಂಗ್ಲಾದ ಹೆಂಗಸರು 23,000 ಟಾಕಾ ಕನಿಷ್ಠ ಕೂಲಿಗಾಗಿ ಬೀದಿಗಿಳಿದರು, ಗುಂಡೇಟಿಗೆ ಜೀವಗಳೂ ಹೋದವು, ಸಿಕ್ಕಿದ್ದು 12,500. ಅಲ್ಲಿ ಗಲಾಟೆಯಾದರೆ ಆರ್ಡರ್ ನಮಗೆ ಬರುತ್ತದೆ, ಓಟಿ ಸಿಗುತ್ತದೆ ಎಂದು ನಮ್ಮ ಲೈನುಗಳಲ್ಲೇ ಖುಷಿಪಟ್ಟವರಿಲ್ಲವೇ? ಅವರು ಮಷೀನು ನಿಲ್ಲಿಸಿದಾಗ ಆ ಮಾಲನ್ನು ನಾವು ಹೊಲಿದು ಕೊಟ್ಟರೆ, ನಾಳೆ ನಾವು ನಿಲ್ಲಿಸಿದಾಗ ಹೊಲಿದು ಕೊಡಲು ಇನ್ಯಾರೋ ಇರುತ್ತಾರೆ. ಈ ಮಾತು ಕಹಿ. ಓಟಿ ದುಡ್ಡಿನಲ್ಲಿ ಮಕ್ಕಳ ಫೀಜು ಕಟ್ಟುವವರಿಗೆ ಇದನ್ನು ಹೇಳುವುದು ಸುಲಭವಲ್ಲ. ಆದರೂ ಹೇಳುತ್ತಿದ್ದೇವೆ.

ಈ ಭಾನುವಾರ ನಿಮ್ಮ ಬೀದಿಯಲ್ಲೇ, ಯಾರದಾದರೂ ಮನೆಯಲ್ಲಿ, ಹತ್ತು ಜನ ಕೂಡಿ. ಯಾವ ಲೈನಿನಲ್ಲಿ ಯಾವ ಬ್ರ್ಯಾಂಡ್ ಓಡುತ್ತಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಂಬಳದ ಚೀಟಿಗಳನ್ನು ತನ್ನಿ. ಯಾರು ಯಾವ ಮಾತು ಬೈದರು, ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನೂ ಬರೆಯಿರಿ. ದಿನಾಂಕ ಇಲ್ಲದ ದೂರು ಬ್ರ್ಯಾಂಡಿನವರೆಗೆ ತಲುಪುವುದಿಲ್ಲ. ಓದಲು ಬಾರದವರು ಹೇಳಲಿ, ಬರುವವರು ಬರೆಯಲಿ. ಮಕ್ಕಳನ್ನು ಯಾರ ಹತ್ತಿರ ಬಿಡುವುದು ಎಂದು ಯೋಚಿಸಬೇಡಿ, ಕರೆದುಕೊಂಡೇ ಬನ್ನಿ.