ಮನೆಯೊಡತಿಯ ಲೆಕ್ಕ: ಒಂದು ವರ್ಷದ ಲಾಭ ನೋಡಿ ಷೇರಿಗೆ ಬೆಲೆ ಕಟ್ಟಬೇಡಿ



ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತೇನೆ. ಬರೆದವರು ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಯಜಮಾನರು ಈಚೆಗೆ ನಿವೃತ್ತರಾದರು. ಕೈಗೆ ಬಂದ ಹಣದಲ್ಲಿ ಮಗಳ ಮದುವೆಗೆಂದು ಒಂದು ಪಾಲನ್ನು ಬ್ಯಾಂಕಿನಲ್ಲಿಟ್ಟು, ಉಳಿದ 4 ಲಕ್ಷವನ್ನು ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ಮೈದುನ ಬಂದು ಒಂದು ಕಂಪನಿಯ ಷೇರು ಕೊಳ್ಳಿ ಎಂದನಂತೆ. "ಅತ್ತಿಗೆ, ಷೇರಿನ ಬೆಲೆ 400 ರೂಪಾಯಿ. ಹೋದ ವರ್ಷ ಕಂಪನಿ ಒಂದೊಂದು ಷೇರಿಗೂ 40 ರೂಪಾಯಿ ಲಾಭ ಮಾಡಿದೆ. ಹತ್ತೇ ವರ್ಷದಲ್ಲಿ ಅಸಲು ಹುಟ್ಟಿತಲ್ಲ! ಇಷ್ಟು ಸೋವಿಯಾಗಿ ಬೇರೆ ಎಲ್ಲಿ ಸಿಗುತ್ತೆ?" ಎನ್ನುವುದು ಅವನ ಮಾತು. "ಲೆಕ್ಕದಲ್ಲಿ ತಪ್ಪು ಕಾಣಿಸುತ್ತಿಲ್ಲ, ಆದರೂ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?" ಎಂದು ಈ ಸೋದರಿ ಕೇಳಿದ್ದಾರೆ.

ಮನಸ್ಸು ಒಪ್ಪದಿರುವುದಕ್ಕೆ ಕಾರಣವಿದೆ. ಭಾಗಾಕಾರ ಸರಿಯಾಗಿದೆ. ಆದರೆ ಭಾಗಿಸಿರುವುದು ಒಂದೇ ಒಂದು ವರ್ಷದ ಲಾಭದಿಂದ.

ನಾವು ಹಸು ಕೊಳ್ಳುವುದನ್ನೇ ನೆನೆಸಿಕೊಳ್ಳಿ. ಕರು ಹಾಕಿ ತಿಂಗಳಾದ ಹಸು ಬಿಂದಿಗೆ ತುಂಬ ಹಾಲು ಕೊಡುತ್ತದೆ. ಮಾರುವವನು ಆ ಹೊತ್ತಿನಲ್ಲೇ ಕರೆದು ತೋರಿಸುತ್ತಾನೆ. ತಿಳಿದ ಹೆಂಗಸು ಏನು ಕೇಳುತ್ತಾಳೆ? "ಹೋದ ಸೂಲಿನಲ್ಲಿ ಎಷ್ಟು ಕೊಟ್ಟಿತ್ತು? ಅದರ ಹಿಂದಿನದರಲ್ಲಿ? ಬತ್ತಿದ ಮೇಲೆ ಎಷ್ಟು ತಿಂಗಳು ಸುಮ್ಮನೆ ಮೇವು ಹಾಕಬೇಕು?" ಎಂದು ಕೇಳುತ್ತಾಳೆ. ಅಡಿಕೆ ತೋಟಕ್ಕೆ ಬೆಲೆ ಕಟ್ಟುವವರೂ ಹಾಗೆಯೇ. ಧಾರಣೆ ಏರಿದ ವರ್ಷದ ಹುಟ್ಟುವಳಿಯನ್ನು ನೋಡಿ ತೋಟ ಕೊಂಡರೆ, ಕೊಳೆರೋಗ ಬಂದ ವರ್ಷ ಅಳಬೇಕಾದೀತು. ಏಳೆಂಟು ಫಸಲಿನ ಲೆಕ್ಕ ಕೇಳಿ ಆಮೇಲೆ ಮಾತಿಗೆ ಕೂರುತ್ತಾರೆ. ಹಸುವಿಗೂ ತೋಟಕ್ಕೂ ಇಷ್ಟು ಜಾಗ್ರತೆ ಮಾಡುವ ನಾವು ಷೇರಿನ ವಿಷಯ ಬಂದರೆ ಮಾತ್ರ ನೀರೊಳಗಿನ ಎಮ್ಮೆಗೆ ವ್ಯಾಪಾರ ಮಾಡುವುದು ಯಾಕೆ?

ಷೇರು ಎಂದರೆ ಕಂಪನಿಯಲ್ಲಿ ಒಂದು ಚೂರು ಪಾಲು. ಕಂಪನಿಯ ಇಡೀ ವರ್ಷದ ನಿವ್ವಳ ಲಾಭವನ್ನು ಒಟ್ಟು ಷೇರುಗಳಿಂದ ಭಾಗಿಸಿದರೆ ಬರುವುದೇ ಒಂದು ಷೇರಿನ ಗಳಿಕೆ. ಇದೆಲ್ಲ ನಮ್ಮ ಕೈಗೆ ಬರುವುದಿಲ್ಲ. ಸ್ವಲ್ಪ ಡಿವಿಡೆಂಡ್ ಆಗಿ ಬರುತ್ತದೆ, ಉಳಿದದ್ದು ಕಂಪನಿಯಲ್ಲೇ ಉಳಿಯುತ್ತದೆ. ಷೇರಿನ ಬೆಲೆಯನ್ನು ಈ ಗಳಿಕೆಯಿಂದ ಭಾಗಿಸಿದರೆ ಬರುವ ಅಂಕಿಯನ್ನು ಪೇಟೆಯವರು ‘ಪಿ.ಇ.’ ಎನ್ನುತ್ತಾರೆ. ಮೈದುನ ಹೇಳಿದ್ದು ಇದನ್ನೇ: 400ನ್ನು 40ರಿಂದ ಭಾಗಿಸಿದರೆ 10.

ಈಗ ಹತ್ತು ವರ್ಷದ ಲೆಕ್ಕ ಹಾಕೋಣ. ಅಡಿಗೆಯ ಪುಟದ ಕ್ರಮದಲ್ಲೇ ಹೇಳುತ್ತೇನೆ, ನೆನಪಿರಲು ಸುಲಭ.

ಬೇಕಾಗುವ ಸಾಮಗ್ರಿ

ಕಂಪನಿಯ ಹಿಂದಿನ 10 ವರ್ಷಗಳ ‘ಒಂದು ಷೇರಿನ ಗಳಿಕೆ’. ಇದು ಕಂಪನಿಯ ವಾರ್ಷಿಕ ವರದಿಯಲ್ಲಿ, ಲಾಭ-ನಷ್ಟದ ಪಟ್ಟಿಯ ಕೊನೆಯಲ್ಲಿ ಇರುತ್ತದೆ. ವರದಿಗಳು ಕಂಪನಿಯ ಜಾಲತಾಣದಲ್ಲೇ ಸಿಗುತ್ತವೆ. ಮನೆಯಲ್ಲಿ ಮಗನೋ ಮಗಳೋ ಇದ್ದರೆ ಅರ್ಧ ಗಂಟೆಯಲ್ಲಿ ತೆಗೆದುಕೊಟ್ಟಾರು.

ಬೆಲೆ ಏರಿಕೆಯ ಸೂಚ್ಯಂಕ. ಆದಾಯ ತೆರಿಗೆ ಇಲಾಖೆಯವರು ಮನೆ, ಜಮೀನು ಮಾರಿದಾಗಿನ ಲಾಭದ ಲೆಕ್ಕಕ್ಕೆಂದು ವರ್ಷವರ್ಷವೂ ಒಂದು ಅಂಕಿ ಪ್ರಕಟಿಸುತ್ತ ಬಂದಿದ್ದಾರೆ. 2001-02ನೇ ಸಾಲಿಗೆ 100 ಎಂದಿಟ್ಟುಕೊಂಡು, 2015-16ಕ್ಕೆ 254, 2020-21ಕ್ಕೆ 301, 2024-25ಕ್ಕೆ 363 ಎಂದು ಹೇಳಿದ್ದಾರೆ. ನಮ್ಮ ಮನೆಲೆಕ್ಕಕ್ಕೆ ಇದು ಸಾಕು.

ಒಂದು ಪೆನ್ಸಿಲ್, ಒಂದು ಹಾಳೆ, ಸ್ವಲ್ಪ ತಾಳ್ಮೆ.

ಮಾಡುವ ವಿಧಾನ

ಪತ್ರ ಬರೆದ ಸೋದರಿ ಕಂಪನಿಯ ಹೆಸರು ತಿಳಿಸಿಲ್ಲ. ಆದ್ದರಿಂದ ವಿಧಾನ ತಿಳಿಯಲೆಂದು ಕೆಳಗಿನ ಅಂಕಿಗಳನ್ನು ನಾನೇ ಹಾಕಿಕೊಂಡಿದ್ದೇನೆ. ಕಬ್ಬಿಣ, ಸಿಮೆಂಟು, ಸಕ್ಕರೆಯಂಥ ಏರಿಳಿತದ ವ್ಯಾಪಾರ ಎಂದಿಟ್ಟುಕೊಳ್ಳಿ. 2015-16ರಿಂದ ಶುರುಮಾಡಿ ಹತ್ತು ವರ್ಷಗಳಲ್ಲಿ ಒಂದು ಷೇರಿನ ಗಳಿಕೆ ಹೀಗಿತ್ತು: 8, 10, 12, 14, 4 ರೂಪಾಯಿ, 2020-21ರಲ್ಲಿ 3 ರೂಪಾಯಿ ನಷ್ಟ, ಆಮೇಲೆ 20, 24, 30, ಕೊನೆಗೆ 2024-25ರಲ್ಲಿ 40.

ಇವನ್ನು ಹಾಗೆಯೇ ಕೂಡಿಬಿಡಬಾರದು. 2015-16ರ 8 ರೂಪಾಯಿಗೂ 2024-25ರ 8 ರೂಪಾಯಿಗೂ ಎಷ್ಟು ಅಂತರ ಎನ್ನುವುದನ್ನು ಎಣ್ಣೆ, ಬೇಳೆ ಕೊಳ್ಳುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪಾವನ್ನೂ ಸೇರನ್ನೂ ಒಂದೇ ಎಂದು ಎಣಿಸಿದರೆ ಅಳತೆ ಕೆಡುತ್ತದೆ. ಎಲ್ಲವನ್ನೂ 2024-25ರ ರೂಪಾಯಿಗೆ ತರಬೇಕು. ಹಳೆಯ ಗಳಿಕೆಯನ್ನು 363ರಿಂದ ಗುಣಿಸಿ, ಆ ವರ್ಷದ ಸೂಚ್ಯಂಕದಿಂದ ಭಾಗಿಸಿ. 2015-16ರ 8 ರೂಪಾಯಿಯನ್ನು 363ರಿಂದ ಗುಣಿಸಿ 254ರಿಂದ ಭಾಗಿಸಿದರೆ ಸುಮಾರು 11 ರೂಪಾಯಿ.

ಹೀಗೆ ಒಂದೊಂದನ್ನೂ ಮಾಡಿ, ಚಿಲ್ಲರೆ ಬಿಟ್ಟು ಬರೆದರೆ ಸಾಲು ಹೀಗಾಗುತ್ತದೆ: 11, 14, 16, 18, 5, ನಷ್ಟ 4, 23, 26, 31, 40. ನಷ್ಟವನ್ನು ಕಳೆದು ಕೂಡಿದರೆ 180. ಹತ್ತರಿಂದ ಭಾಗಿಸಿದರೆ ಸರಾಸರಿ 18 ರೂಪಾಯಿ.

ಈಗ 400ನ್ನು 18ರಿಂದ ಭಾಗಿಸಿ: 22. ಮೈದುನ ಹೇಳಿದ 10 ಎಲ್ಲಿ, ಈ 22 ಎಲ್ಲಿ! ಇದನ್ನೇ ಮಗುಚಿ ಹೇಳುವುದಾದರೆ, ನೂರು ರೂಪಾಯಿ ಹಾಕಿದರೆ ವರ್ಷಕ್ಕೆ 10 ರೂಪಾಯಿ ಗಳಿಕೆ ಎಂದು ಅವನ ಲೆಕ್ಕ. ಹತ್ತು ವರ್ಷದ ಒಳ್ಳೆಯದು ಕೆಟ್ಟದ್ದು ಸೇರಿಸಿದ ನಮ್ಮ ಲೆಕ್ಕದಲ್ಲಿ ಅದು ನಾಲ್ಕೂವರೆ ರೂಪಾಯಿ. ಸೋವಿ ಎಂದುಕೊಂಡದ್ದು ಸೋವಿಯಲ್ಲ.

ಎರಡು ಎಚ್ಚರಿಕೆ. ನಷ್ಟದ ವರ್ಷವನ್ನು "ಅದು ಕೊರೊನಾ ಕಾಲ, ಬಿಟ್ಟುಬಿಡಿ" ಎಂದು ತೆಗೆಯಬೇಡಿ. ಮುಂದಿನ ಹತ್ತು ವರ್ಷದಲ್ಲೂ ಏನಾದರೊಂದು ಕಷ್ಟ ಬಂದೇ ಬರುತ್ತದೆ. ಇನ್ನೊಂದು, ಕಂಪನಿ ನಡುವೆ ಬೋನಸ್ ಷೇರು ಕೊಟ್ಟಿದ್ದರೆ ಹಳೆಯ ಗಳಿಕೆಯನ್ನು ಅದಕ್ಕೆ ತಕ್ಕಂತೆ ಇಳಿಸಬೇಕು. ನಮ್ಮ ಬೆಂಗಳೂರಿನ ಇನ್ಫೋಸಿಸ್ 2014, 2015, 2018ರಲ್ಲಿ ಮೂರು ಸಲ ಒಂದಕ್ಕೊಂದು ಬೋನಸ್ ಕೊಟ್ಟಿತು. ಮೊದಲು 1 ಷೇರು ಇಟ್ಟುಕೊಂಡಿದ್ದವರಿಗೆ 8 ಷೇರಾಯಿತು. ಹಾಗಾಗಿ ಅದಕ್ಕೂ ಹಿಂದಿನ ವರ್ಷದ ಗಳಿಕೆಯನ್ನು ಇಂದಿನ ಷೇರಿನ ಜೊತೆ ಇಡುವ ಮೊದಲು ಎಂಟರಿಂದ ಭಾಗಿಸಬೇಕು. ಒಂದು ರೊಟ್ಟಿಯನ್ನು ಎಂಟು ಚೂರು ಮಾಡಿದ ಮೇಲೆ ಒಂದು ಚೂರನ್ನು ಇಡೀ ರೊಟ್ಟಿಯ ಜೊತೆ ತೂಗಿದರೆ ಆದೀತೆ?

ಯಾರು ಕಲಿಸಿದ ಲೆಕ್ಕ ಇದು?

ಇದು ಹುಟ್ಟಿದ್ದು ಅಮೆರಿಕದಲ್ಲಿ, ಅದೂ ಪೆಟ್ಟು ತಿಂದ ಮೇಲೆ. 1929ರಲ್ಲಿ ಅಲ್ಲಿಯ ಷೇರುಪೇಟೆ ಕುಸಿದು ಎಷ್ಟೋ ಸಂಸಾರಗಳು ಬೀದಿಗೆ ಬಂದವು. ಆಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಬೆಂಜಮಿನ್ ಗ್ರಹಾಂ ಅವರೂ ಬಹಳ ಕಳೆದುಕೊಂಡರು. ಅವರೂ ಡೇವಿಡ್ ಡಾಡ್ ಅವರೂ ಸೇರಿ 1934ರಲ್ಲಿ ‘ಸೆಕ್ಯುರಿಟಿ ಅನಾಲಿಸಿಸ್’ ಎಂಬ ದಪ್ಪ ಪುಸ್ತಕ ಬರೆದರು. ಒಂದು ವರ್ಷದ ಲಾಭವನ್ನು ನಂಬಬೇಡಿ, ಕಡಿಮೆಯೆಂದರೂ ಐದು ವರ್ಷದ, ಆದರೆ ಏಳು ಅಥವಾ ಹತ್ತು ವರ್ಷದ ಸರಾಸರಿ ನೋಡಿ ಎಂದು ಅದರಲ್ಲಿ ಹೇಳಿದರು.

ಅದಕ್ಕೆ ಬೆಲೆ ಏರಿಕೆಯ ಲೆಕ್ಕವನ್ನೂ ಸೇರಿಸಿ ಇಡೀ ಪೇಟೆಗೇ ಅನ್ವಯಿಸಿದವರು ಜಾನ್ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಶಿಲ್ಲರ್. 1988ರಲ್ಲಿ ಅವರ ಪ್ರಬಂಧ ಬಂತು. ಯೇಲ್ ವಿಶ್ವವಿದ್ಯಾಲಯದ ಶಿಲ್ಲರ್ ಅವರಿಗೆ 2013ರಲ್ಲಿ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನವೂ ದೊರೆಯಿತು.

ಅಮೆರಿಕದ ದೊಡ್ಡ ಕಂಪನಿಗಳ ಷೇರುಗಳನ್ನು ಒಟ್ಟಾಗಿ ತೆಗೆದುಕೊಂಡು ಅವರು ಹಾಕಿದ ಲೆಕ್ಕ ನೋಡಿ. 1881ರಿಂದ ಈಚೆಗಿನ ಸರಾಸರಿ ಸುಮಾರು 17. ಕುಸಿತದ ಮುಂಚೆ, 1929ರ ಸೆಪ್ಟೆಂಬರಿನಲ್ಲಿ, ಅದು 30 ದಾಟಿತ್ತು. 1982ರಲ್ಲಿ, ಯಾರಿಗೂ ಷೇರು ಬೇಡವಾಗಿದ್ದಾಗ, 7ರ ಹತ್ತಿರ ಬಿದ್ದಿತ್ತು. ಕಂಪ್ಯೂಟರ್ ಕಂಪನಿಗಳ ಹುಚ್ಚು ಹಿಡಿದಿದ್ದ 1999ರ ಕೊನೆಯಲ್ಲಿ 44ಕ್ಕೆ ಏರಿತ್ತು. ಅಲ್ಲಿಯ ‘ಎಸ್ ಅಂಡ್ ಪಿ 500’ ಸೂಚ್ಯಂಕ 2000ದ ಮಾರ್ಚಿನಿಂದ 2002ರ ಅಕ್ಟೋಬರಿನೊಳಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಒಂದು ವರ್ಷದ ಲಾಭ ತಲೆಕೆಳಗಾಗಿಯೂ ಮೋಸ ಮಾಡುತ್ತದೆ. ಇದಕ್ಕೆ 2009ರ ಉದಾಹರಣೆ ಚೆನ್ನಾಗಿದೆ. 2008ರಲ್ಲಿ ಬ್ಯಾಂಕುಗಳು ಮುಳುಗಿ, ಅಮೆರಿಕದ ಕಂಪನಿಗಳ ಲಾಭ ಒಂದೇ ವರ್ಷದಲ್ಲಿ ಮಾಯವಾಯಿತು. ಷೇರಿನ ಬೆಲೆಗಿಂತ ಲಾಭ ಜೋರಾಗಿ ಕುಸಿದದ್ದರಿಂದ, ಒಂದು ವರ್ಷದ ಲೆಕ್ಕದ ಪಿ.ಇ. 2009ರ ಮೇ ತಿಂಗಳಲ್ಲಿ 100ನ್ನೂ ದಾಟಿತ್ತು. ಅದನ್ನು ನೋಡಿದವರು "ಅಬ್ಬಾ, ಬೆಂಕಿಯಂಥ ಬೆಲೆ!" ಎಂದು ದೂರ ಸರಿಯಬೇಕಿತ್ತು. ಆದರೆ ಆ ಮಾರ್ಚಿನಲ್ಲಿ ಬೆಲೆಗಳು ತಳ ಮುಟ್ಟಿದ್ದಾಗ ಹತ್ತು ವರ್ಷದ ಲೆಕ್ಕ ತೋರಿಸಿದ್ದು ಸುಮಾರು 13. ಅಂದರೆ ಹಳೆಯ ಸರಾಸರಿಗಿಂತ ಅಗ್ಗ. ಮುಂದಿನ ನಾಲ್ಕು ವರ್ಷಗಳಲ್ಲಿ ಸೂಚ್ಯಂಕ ಎರಡು ಪಟ್ಟಿಗೂ ಮೇಲೆ ಬೆಳೆಯಿತು. ಬತ್ತಿದ ಹಸುವನ್ನು ಗೊಡ್ಡು ಎಂದು ತಿಳಿದು ಬಿಟ್ಟುಬಂದ ಹಾಗಾಯಿತು, ಒಂದೇ ವರ್ಷ ನೋಡಿದವರ ಪಾಡು.

ಈ ಲೆಕ್ಕಕ್ಕೂ ಮಿತಿಯುಂಟು

ಹತ್ತು ವರ್ಷದ ಸರಾಸರಿ ಪಂಚಾಂಗವಲ್ಲ. ಬೆಲೆ ಯಾವ ದಿನ ಇಳಿಯುತ್ತದೆ ಎಂದು ಅದು ಹೇಳುವುದಿಲ್ಲ. 1996ರ ಡಿಸೆಂಬರಿನಲ್ಲಿ ಕ್ಯಾಂಪ್‌ಬೆಲ್ ಮತ್ತು ಶಿಲ್ಲರ್ ಅಮೆರಿಕದ ಕೇಂದ್ರ ಬ್ಯಾಂಕಿನವರ ಮುಂದೆ ಬೆಲೆಗಳು ವಿಪರೀತವಾಗಿವೆ ಎಂದು ವಿವರಿಸಿದರು. ಪೇಟೆ ಅದಾದ ಮೇಲೂ ಮೂರು ವರ್ಷಕ್ಕೆ ಮೀರಿ ಏರುತ್ತಲೇ ಹೋಯಿತು. ಆದ್ದರಿಂದ ಈ ಅಂಕಿ ನೋಡಿ ಇವತ್ತು ಕೊಂಡು ನಾಳೆ ಮಾರುವ ಆಟಕ್ಕೆ ಇಳಿಯಬೇಡಿ. ದೀರ್ಘಕಾಲಕ್ಕೆ ಎಷ್ಟು ಆಸೆ ಪಡಬಹುದು ಎನ್ನುವುದಷ್ಟೇ ಇದರಿಂದ ತಿಳಿಯುವುದು.

ಹೊಸ ಕಂಪನಿಗೆ ಇದು ನಡೆಯುವುದಿಲ್ಲ, ಹತ್ತು ವರ್ಷದ ಚರಿತ್ರೆಯೇ ಇರುವುದಿಲ್ಲವಲ್ಲ. ಐದು ವರ್ಷದ ಹಿಂದೆ ಒಂದು ಕಾರ್ಖಾನೆಯಿದ್ದದ್ದು ಈಗ ನಾಲ್ಕಾಗಿದ್ದರೆ ಹಳೆಯ ಸರಾಸರಿ ಆ ಕಂಪನಿಗೆ ಅನ್ಯಾಯ ಮಾಡುತ್ತದೆ. ವರ್ಷವರ್ಷವೂ ಒಂದೇ ಸಮನೆ ಬೆಳೆಯುವ ಕಂಪನಿ ಈ ಲೆಕ್ಕದಲ್ಲಿ ಯಾವಾಗಲೂ ದುಬಾರಿಯಾಗಿಯೇ ಕಾಣುತ್ತದೆ. ಇಡೀ ಪೇಟೆಯ ಸರಾಸರಿ ಹೇಳುವಷ್ಟು ಖಚಿತವಾಗಿ ಒಂಟಿ ಕಂಪನಿಯ ಸರಾಸರಿ ಹೇಳಲಾರದು. ಅಮೆರಿಕದ 17ನ್ನು ತಂದು ನಮ್ಮೂರ ಕಂಪನಿಗೆ ಅಳತೆಗೋಲು ಮಾಡುವುದೂ ಸರಿಯಲ್ಲ. ಅದೇ ಕಸುಬಿನ ನಮ್ಮ ದೇಶದ ಇನ್ನೆರಡು ಕಂಪನಿಗಳಿಗೆ ಇದೇ ಲೆಕ್ಕ ಹಾಕಿ ಪಕ್ಕಪಕ್ಕದಲ್ಲಿಟ್ಟು ನೋಡಿ.

ಬ್ಯಾಂಕಿನ ಬಡ್ಡಿಯ ಜೊತೆಗೂ ನೇರವಾಗಿ ಹೋಲಿಸಬೇಡಿ. ಠೇವಣಿಯ ಬಡ್ಡಿ ಇಷ್ಟೇ ಎಂದು ಮೊದಲೇ ಗೊತ್ತು, ಆದರೆ ಬೆಲೆ ಏರಿದಂತೆ ಅಸಲು ಸವೆಯುತ್ತದೆ. ಷೇರಿನ ಗಳಿಕೆ ಬೆಲೆಯ ಜೊತೆ ಏರಬಹುದು, ನಮ್ಮ ಪಟ್ಟಿಯ 2020-21ರ ಹಾಗೆ ನೆಲಕಚ್ಚಲೂಬಹುದು.

ಪತ್ರ ಬರೆದ ಸೋದರಿಗೆ ನನ್ನ ಉತ್ತರ ಇಷ್ಟು. ಮೈದುನನ ಮೇಲೆ ಸಿಟ್ಟಾಗಬೇಡಿ, ಒಳ್ಳೆಯದನ್ನೇ ಬಯಸಿ ಹೇಳಿರುತ್ತಾನೆ. ಕೂರಿಸಿಕೊಂಡು, ಕಾಫಿ ಕೊಟ್ಟು, ಎರಡು ಪ್ರಶ್ನೆ ಕೇಳಿ. "ಹತ್ತು ವರ್ಷದ ಗಳಿಕೆ ಬರೆದುಕೊಡಪ್ಪಾ" ಎನ್ನುವುದು ಒಂದು. "ಹೋದ ವರ್ಷ 40 ಆದದ್ದು ಯಾಕೆ?" ಎನ್ನುವುದು ಇನ್ನೊಂದು. ಹೊಸ ಕಾರ್ಖಾನೆ ಶುರುವಾಗಿ ಹೆಚ್ಚು ಮಾಲು ಮಾರಿದ್ದರೆ ಆ ಲಾಭ ನಿಂತೀತು. ಮಾಲಿನ ಧಾರಣೆ ಏರಿತ್ತು ಅಷ್ಟೇ ಎಂದಾದರೆ, ಧಾರಣೆ ಇಳಿದ ದಿನ ಲಾಭವೂ ಇಳಿಯುತ್ತದೆ. ಉತ್ತರ ಏನೇ ಬರಲಿ, 4 ಲಕ್ಷವನ್ನೂ ಒಂದೇ ಕಂಪನಿಗೆ ಸುರಿಯಬೇಡಿ. ಐದಾರು ವರ್ಷದೊಳಗೆ ಔಷಧಕ್ಕೋ, ಮನೆ ರಿಪೇರಿಗೋ ಬೇಕಾಗುವ ಹಣ ಷೇರಿನ ಹತ್ತಿರ ಸುಳಿಯಲೇಬಾರದು.

ಉಳಿದ ಸೋದರಿಯರೂ ಮನೆಯಲ್ಲಿ ಹಳೆಯ ಷೇರುಗಳಿದ್ದರೆ ಈ ಹದಿನೈದು ದಿನದಲ್ಲಿ ಒಂದನ್ನಾದರೂ ತೆಗೆದು ಲೆಕ್ಕ ಹಾಕಿ ನೋಡಿ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು. ಹಾಲಿನವನ ಲೆಕ್ಕ, ಚೀಟಿಯ ಲೆಕ್ಕ, ಮನೆಖರ್ಚಿನ ಲೆಕ್ಕ ಎಲ್ಲವನ್ನೂ ನಿಭಾಯಿಸುವ ಕೈಗೆ ಇದೇನು ಹೊಸದೆ? ಎಲ್ಲಾದರೂ ತೊಡಕಾದರೆ ಆ ಹತ್ತು ಅಂಕಿಗಳನ್ನು ಸಾಲಾಗಿ ಬರೆದು ಕಳಿಸಿ. ಕಂಪನಿಯ ಹೆಸರು ಬೇಕಿಲ್ಲ.