ತಡವಾಗಿ ದೊರೆತ ಸರಿಯಾದ ಹೆಸರು

ಸ್ಕಾಟ್ಲೆಂಡಿನಲ್ಲಿ 1961ರಲ್ಲಿ ಒಂದು ಹೆಣ್ಣುಮಗು ಜನಿಸಿತು. ಹೆರಿಗೆಯ ಸಮಯದಲ್ಲಿ ಆಮ್ಲಜನಕದ ಕೊರತೆಯುಂಟಾಗಿ ಮಗುವಿನ ಮಿದುಳಿಗೆ ಹಾನಿಯಾಗಿದೆ, ಇವಳಿಂದ ಹೆಚ್ಚೇನನ್ನೂ ನಿರೀಕ್ಷಿಸಬೇಡಿ ಎಂದು ಹೆತ್ತವರಿಗೆ ತಿಳಿಸಲಾಯಿತು. ಆ ಒಂದು ಮಾತು ಮಗುವಿನ ಬಾಲ್ಯವನ್ನೆಲ್ಲ ಆವರಿಸಿತು. ಶಾಲೆಯಲ್ಲಿ ಸಹಪಾಠಿಗಳು ‘ಪೆದ್ದಿ’ ಎಂಬ ಅರ್ಥದ ಅಡ್ಡಹೆಸರಿಟ್ಟು ಕಾಡಿದರು. ಅದೇ ಹೆಣ್ಣುಮಗಳು 2009ರಲ್ಲಿ ಬ್ರಿಟನ್ನಿನ ದೂರದರ್ಶನದ ಸ್ಪರ್ಧೆಯೊಂದರಲ್ಲಿ ಹಾಡಿದಾಗ ಜಗತ್ತೇ ಬೆರಗಾಯಿತು. ಆಕೆಯೇ ಗಾಯಕಿ ಸೂಸನ್ ಬಾಯ್ಲ್.

ಕೀರ್ತಿ ಬಂದರೂ ತನಗೆ ಏನಾಗಿದೆ ಎಂಬ ಪ್ರಶ್ನೆಗೆ ಆಕೆಗೆ ಉತ್ತರ ಸಿಕ್ಕಿರಲಿಲ್ಲ. 2012ರಲ್ಲಿ ತಜ್ಞರು ಪರೀಕ್ಷಿಸಿ, ಇದು ಮಿದುಳಿನ ಹಾನಿಯಲ್ಲ, ಆಸ್ಪರ್ಜರ್ ಲಕ್ಷಣಕೂಟ ಎಂದು ನಿರ್ಣಯಿಸಿದರು. ಬುದ್ಧಿಮಟ್ಟವು ಸರಾಸರಿಗಿಂತ ಮೇಲಿದೆಯೆಂಬುದೂ ತಿಳಿಯಿತು. ಮರುವರ್ಷ ಆಕೆ ಇದನ್ನು ಪತ್ರಿಕೆಯೊಂದಕ್ಕೆ ಬಹಿರಂಗವಾಗಿ ತಿಳಿಸಿ, ಮನಸ್ಸು ಹಗುರವಾಯಿತೆಂದರು. ಆದರೆ ಆಕೆಯನ್ನು ಸಾಕಿ ಸಲಹಿದ ತಾಯಿ 2007ರಲ್ಲಿಯೇ ತೀರಿಹೋಗಿದ್ದರು. ಮಗಳ ಸ್ಥಿತಿಯ ನಿಜವಾದ ಹೆಸರು ಆ ತಾಯಿಯ ಕಿವಿಗೆ ಬೀಳಲೇ ಇಲ್ಲ.

‘ಐವತ್ತು ದಾಟಿದ ಮೇಲೆ ಈ ಹೆಸರಿನಿಂದ ಏನು ಪ್ರಯೋಜನ?’ ಎಂದು ಅನೇಕರು ಕೇಳಬಹುದು. ಪ್ರಯೋಜನವಿದೆ ಎಂಬುದೇ ಈ ಲೇಖನದ ಅಭಿಪ್ರಾಯ. ಬಾಲ್ಯದಲ್ಲಿ ಅಂಟಿಸಿದ ತಪ್ಪು ಹೆಸರು ಒಂದು ಗಾಯ. ಸರಿಯಾದ ಹೆಸರು ಎಷ್ಟೇ ತಡವಾಗಿ ಬಂದರೂ ಆ ಗಾಯಕ್ಕೆ ಮೊದಲ ಮದ್ದು.

ಆಸ್ಪರ್ಜರ್ ಎನ್ನುವುದು ಸ್ವಲೀನತೆ, ಅಂದರೆ ಆಟಿಸಂನ ಒಂದು ರೂಪ. ಇಂಥವರಲ್ಲಿ ಬುದ್ಧಿಯ ಕೊರತೆ ಇರುವುದಿಲ್ಲ. ಮಾತು ಕಲಿಯುವುದೂ ತಡವಾಗಿರುವುದಿಲ್ಲ. ಕಷ್ಟವಿರುವುದು ಮಾತಿನ ಹಿಂದಿನ ಮಾತನ್ನು ಗ್ರಹಿಸುವುದರಲ್ಲಿ. ‘ಒಮ್ಮೆ ಮನೆಗೆ ಬನ್ನಿ’ ಎಂದು ಯಾರೋ ಉಪಚಾರಕ್ಕೆ ಹೇಳಿದರೆ ಇವರು ಮರುದಿನವೇ ಹೋಗಿ ಬಾಗಿಲು ತಟ್ಟಬಹುದು. ಕಂಡ ಸತ್ಯವನ್ನು ಕಂಡಂತೆಯೇ ನುಡಿದು ನಿಷ್ಠುರರೆನಿಸಿಕೊಳ್ಳಬಹುದು. ಮದುವೆ ಮನೆಯ ಧ್ವನಿವರ್ಧಕ, ಜನಜಂಗುಳಿ, ಒರಟು ಬಟ್ಟೆಯ ಸ್ಪರ್ಶ ಇವು ಸಹಿಸಲಾರದ ಹಿಂಸೆಯಾಗಬಹುದು. ದಿನಚರಿ ತಪ್ಪಿದರೆ ತಳಮಳ. ಹಿಡಿದ ವಿಷಯದಲ್ಲಿ ಮಾತ್ರ ಅಸಾಧಾರಣ ತನ್ಮಯತೆ. ಇದನ್ನು ನಾವು ಅಹಂಕಾರವೆಂದೋ, ಮೊಂಡುತನವೆಂದೋ, ದಡ್ಡತನವೆಂದೋ ಕರೆದುಬಿಡುತ್ತೇವೆ.

ಅಂದಿನ ವೈದ್ಯರನ್ನು ಮಾತ್ರ ದೂರಿ ಫಲವಿಲ್ಲ. ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಜರ್ ಇಂಥ ಬಾಲಕರನ್ನು ಕುರಿತು 1944ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದರೂ ಅದು ದಶಕಗಳ ಕಾಲ ಹೊರಜಗತ್ತಿನ ಗಮನಕ್ಕೆ ಬರಲಿಲ್ಲ. 1968ರ ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಸ್ವಲೀನ ವರ್ತನೆಯನ್ನು ಬಾಲ್ಯದ ಸ್ಕಿಜೋಫ್ರೇನಿಯಾದ ಅಡಿಯಲ್ಲಿ ಸೇರಿಸಿತ್ತು. ಸ್ವಲೀನತೆಯಿದ್ದ ಮಗಳೊಬ್ಬಳ ತಾಯಿಯೂ ಆಗಿದ್ದ ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ 1981ರಲ್ಲಿ ಬರೆದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಅದು ಸ್ಥಾನ ಪಡೆದದ್ದು ತೊಂಬತ್ತರ ದಶಕದಲ್ಲಿ. ಅದಕ್ಕೆ ಮೊದಲು ಬೆಳೆದ ಮಕ್ಕಳಿಗೆ ಬುದ್ಧಿಮಾಂದ್ಯ, ಮಾನಸಿಕ ರೋಗ, ಕೆಟ್ಟ ನಡತೆ ಎಂಬ ಹೆಸರುಗಳೇ ದೊರೆತವು. ಅವರೆಲ್ಲ ಇಂದು ನಮ್ಮ ನಡುವಿನ ನಡುವಯಸ್ಸಿನವರು. 2013ರಿಂದೀಚೆಗೆ ಅಮೆರಿಕದ ಕೈಪಿಡಿಯೂ ಅನಂತರ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಆಸ್ಪರ್ಜರ್ ಎಂಬ ಪ್ರತ್ಯೇಕ ಹೆಸರನ್ನು ಕೈಬಿಟ್ಟು, ಸ್ವಲೀನತೆಯ ವಿಶಾಲ ವ್ಯಾಪ್ತಿಯಲ್ಲಿ ಅದನ್ನು ಸೇರಿಸಿವೆ. ಹೆಸರು ಬದಲಾಗಿದೆಯೇ ಹೊರತು ಆ ಜನರ ಅನುಭವವಲ್ಲ.

ತಪ್ಪು ಹೆಸರಿನ ಕೇಡು ಮೂರು ಬಗೆಯದು. ಒಂದು, ಮಗುವಿನ ಓದಿನ ದಾರಿ ಕುಗ್ಗುತ್ತದೆ. ‘ಇವನಿಂದಾಗದು’ ಎಂದವರ ಎದುರು ಯಾವ ಮಗು ತಾನೇ ತನ್ನ ಶಕ್ತಿಯನ್ನು ತೋರೀತು? ಎರಡು, ಇಲ್ಲದ ರೋಗಕ್ಕೆ ಮದ್ದು ನುಂಗಬೇಕಾಗಬಹುದು. ಮೂರು, ಜನರ ಮಾತನ್ನು ಆ ವ್ಯಕ್ತಿಯೇ ನಂಬಿಬಿಡುತ್ತಾನೆ. ತನ್ನ ಸಹಜ ಸ್ವರೂಪವನ್ನು ಮುಚ್ಚಿಟ್ಟು ಇತರರಂತೆ ನಟಿಸುತ್ತ ದಣಿಯುತ್ತಾನೆ. ಆ ದಣಿವಿನ ಬೆನ್ನಿಗೇ ಆತಂಕ, ಖಿನ್ನತೆಗಳು ಬರುತ್ತವೆ. ಹೀಗೆ ಮುಚ್ಚಿಟ್ಟುಕೊಳ್ಳುವುದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಆದುದರಿಂದಲೇ ಅವರನ್ನು ಗುರುತಿಸುವುದು ಇನ್ನೂ ತಡವಾಗುತ್ತದೆ.

ನಮ್ಮಲ್ಲಿ ನಾಲ್ಕನೆಯ ಕೇಡೊಂದಿದೆ. ‘ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎಂಬ ಹಿರಿಯರ ನಂಬಿಕೆ ಅದು. ಸಂಗತಿಯನ್ನು ಮರೆಮಾಚಿ ಮದುವೆ ಮಾಡಿದರೆ, ಗಂಡ ಏಕೆ ಮಾತನಾಡುವುದಿಲ್ಲವೆಂದು ಅರಿಯದೆ ಕೊರಗುವ ಹೆಣ್ಣೊಬ್ಬಳು, ತಾನೇನು ತಪ್ಪು ಮಾಡಿದೆನೆಂದು ತಿಳಿಯದ ಗಂಡೊಬ್ಬನು, ಹೀಗೆ ಇಬ್ಬರ ಬಾಳೂ ನೋಯುತ್ತದೆ. ಸ್ವಲೀನತೆಯುಳ್ಳವರು ಒಳ್ಳೆಯ ಸಂಸಾರ ನಡೆಸಬಲ್ಲರು. ಆದರೆ ಇಬ್ಬರಿಗೂ ನಿಜ ತಿಳಿದಿರಬೇಕು.

ಇನ್ನೊಂದು ಆಕ್ಷೇಪವೂ ಇದೆ: ಹೀಗಾದರೆ ನಾಚಿಕೆಯ ಸ್ವಭಾವದವರೆಲ್ಲ ಆಸ್ಪರ್ಜರ್ ಎಂದುಕೊಳ್ಳುವುದಿಲ್ಲವೇ? ಈ ಎಚ್ಚರಿಕೆ ಯುಕ್ತವೇ. ಲಕ್ಷಣಗಳು ಬಾಲ್ಯದಿಂದಲೇ ಇದ್ದು, ಬದುಕಿಗೆ ನಿಜವಾದ ತೊಡಕಾಗಿದ್ದರೆ ಮಾತ್ರ ತಜ್ಞರು ಹಾಗೆಂದು ನಿರ್ಣಯಿಸುತ್ತಾರೆ. ಅಂತರ್ಜಾಲದ ಪ್ರಶ್ನಾವಳಿ ಸಂದೇಹವನ್ನು ಹುಟ್ಟಿಸಬಹುದು, ನಿರ್ಣಯವನ್ನು ನೀಡಲಾರದು.

ಇದನ್ನು ಕಂಡುಹಿಡಿಯುವ ರಕ್ತಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ಮನೋವೈದ್ಯರು ಅಥವಾ ಚಿಕಿತ್ಸಾ ಮನೋವಿಜ್ಞಾನಿಗಳು ವ್ಯಕ್ತಿಯೊಡನೆ ದೀರ್ಘವಾಗಿ ಮಾತನಾಡಿ, ಬಾಲ್ಯದ ವಿವರಗಳನ್ನು ಕೇಳಿ ತೀರ್ಮಾನಿಸುತ್ತಾರೆ. ಮಗು ಯಾರೊಡನೆ ಆಡುತ್ತಿತ್ತು, ಯಾವ ಸದ್ದಿಗೆ ಕಿವಿ ಮುಚ್ಚುತ್ತಿತ್ತು, ಯಾವ ಆಟಿಕೆಯನ್ನು ಹೇಗೆ ಜೋಡಿಸುತ್ತಿತ್ತು ಎಂಬುದನ್ನು ಬಲ್ಲವರು ತಾಯಿ, ಅಜ್ಜಿ, ಅಕ್ಕ. ವಯಸ್ಕರ ವಿಷಯದಲ್ಲಿ ಈ ಸಾಕ್ಷಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾರೆ. ಸಂದೇಹವಿದ್ದವರು ಮುಂದೂಡಬಾರದೆನ್ನಲು ಇದೊಂದೇ ಕಾರಣ ಸಾಕು. ತಾಯಿ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಹಳೆಯ ಅಂಕಪಟ್ಟಿ, ವೈದ್ಯರ ಚೀಟಿಗಳನ್ನು ಜೋಪಾನ ಮಾಡಿ.

ಮೊದಲ ಹೆಜ್ಜೆಯಾಗಿ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೋ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನೋ ಕಾಣಬಹುದು. ‘ಟೆಲಿ ಮನಸ್’ ಉಚಿತ ದೂರವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು. ಹಿಂದಿನ ರೋಗನಿರ್ಣಯ ತಪ್ಪೆಂದು ತೋರಿದರೂ, ಸೇವಿಸುತ್ತಿರುವ ಔಷಧಿಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ಎರಡು ತೊಂದರೆಗಳು ಒಟ್ಟಿಗೇ ಇರುವುದೂ ಉಂಟು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ವೈಕಲ್ಯಗಳಲ್ಲಿ ಸ್ವಲೀನತೆಯೂ ಸೇರಿದೆ ಎಂಬುದನ್ನು ಕುಟುಂಬದವರು ತಿಳಿದಿರಬೇಕು.

ಸ್ವಲೀನತೆಯನ್ನು ಅಳಿಸುವ ಮದ್ದಿಲ್ಲ. ಹಾಗೆಂದು ಭರವಸೆ ಕೊಡುವವರನ್ನು ನಂಬಬೇಡಿ. ಮನೆಯವರು ಮಾಡಬಹುದಾದುದು ಬಹಳವಿದೆ. ಹೇಳಬೇಕಾದುದನ್ನು ಸುತ್ತಿಬಳಸದೆ ಹೇಳಿ. ಬದಲಾವಣೆಯಿದ್ದರೆ ಮೊದಲೇ ತಿಳಿಸಿ. ನಂಟರು ತುಂಬಿದ ಮನೆಯಲ್ಲಿ ಒಂದು ಶಾಂತವಾದ ಕೋಣೆಯನ್ನು ಬಿಟ್ಟುಕೊಡಿ. ಅವರ ಮೌನವನ್ನು ತಿರಸ್ಕಾರವೆಂದು ಬಗೆಯಬೇಡಿ.

ನಿಮ್ಮ ಮನೆಯಲ್ಲಿಯೂ ‘ಅವನು ಮೊದಲಿನಿಂದಲೂ ಹಾಗೆಯೇ’ ಎಂದು ಬದಿಗಿರಿಸಿದ ಅಣ್ಣನೋ ಚಿಕ್ಕಪ್ಪನೋ ಅತ್ತೆಯೋ ಇರಬಹುದು. ಅವರ ಪಕ್ಕದಲ್ಲಿ ಒಮ್ಮೆ ಕುಳಿತು, ಬಾಲ್ಯದಲ್ಲಿ ನಿಮಗೆ ಯಾವುದು ಕಷ್ಟವಾಗಿತ್ತು ಎಂದು ಕೇಳಿ. ಬಹುಶಃ ಆ ಪ್ರಶ್ನೆಯನ್ನು ಅವರಿಗೆ ಇದುವರೆಗೆ ಯಾರೂ ಕೇಳಿರಲಿಕ್ಕಿಲ್ಲ.